ವಾರಕ್ಕೆ ತೊಂಬತ್ತೊಂದು ಲೀಟರ್

ಮೇಷ್ಟರ ಕೆಲಸಕ್ಕೆ ಸೇರಿದ ಮೊದಲ ವರ್ಷ. ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ ಶಾಲೆ, ಆರನೇ ಕ್ಲಾಸು. ಬೋರ್ಡಿನ ಮೇಲೆ ನೂರರೊಳಗಿನ ಅವಿಭಾಜ್ಯ ಸಂಖ್ಯೆಗಳನ್ನ ಬರೀತಾ ಹೋದೆ. 79, 83, 89 ಆಯ್ತು. ಅದೇ ಓಟದಲ್ಲಿ 91 ಅಂತಲೂ ಬರೆದುಬಿಟ್ಟೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ.

"ಸಾ, ತೊಂಬತ್ತೊಂದು ಭಾಗ ಆಯ್ತದೆ ಸಾ."

"ಯಾವುದರಿಂದಲೋ?"

"ನಮ್ಮನೇಲಿ ದಿನಾ ಹದಿಮೂರು ಲೀಟ್ರು ಹಾಲು ಡೇರಿಗೆ ಹಾಕ್ತೀವಿ. ವಾರಕ್ಕೆ ತೊಂಬತ್ತೊಂದು ಆಯ್ತದಲ್ಲ ಸಾ."

ಕ್ಲಾಸು ಗೊಳ್ಳಂತ ನಕ್ಕಿತು. ನಾನೂ ನಕ್ಕೆ. "ಹಾಲಿನ ಲೆಕ್ಕ ಮನೇಲಿಟ್ಕೋ, ಇದು ಗಣಿತ" ಅಂದು ಕೂರಿಸಿದೆ. ಸಂಜೆ ಬಸ್ಸಿನಲ್ಲಿ ಕೂತಾಗ ತಲೆಯೊಳಗೆ ಮಗ್ಗಿ ಓಡಿತು: ಹದಿಮೂರೇಳ್ಲ ತೊಂಬತ್ತೊಂದು. ಮಾರನೇ ದಿನ ಮಕ್ಕಳು ಬರೋದಕ್ಕೆ ಮುಂಚೆಯೇ ಹೋಗಿ ಬೋರ್ಡು ಒರೆಸಿದೆ. ಆ ಹುಡುಗನಿಗೆ ಏನೂ ಹೇಳಲಿಲ್ಲ. ಅವನು ಆ ವರ್ಷ ಮತ್ತೆ ಕೈ ಎತ್ತಲಿಲ್ಲ.

ಹಾಲಿನ ಲೆಕ್ಕವೂ ಗಣಿತವೇ ಅಂತ ನನಗೆ ತಿಳಿಯೋಕೆ ಹೊಳೆನರಸೀಪುರಕ್ಕೆ ವರ್ಗ ಆಗಬೇಕಾಯ್ತು. ಅಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನರು ವಯಸ್ಸಾದವರು, ಹಿಂದೆ ಅಂಗಡಿಯಲ್ಲಿ ಲೆಕ್ಕ ಬರೀತಿದ್ದವರು. ಒಂದು ಸಂಜೆ ಜಗಲಿ ಮೇಲೆ ಕೂತು, "ಮೇಷ್ಟ್ರೇ, ಒಂದು ರೂಪಾಯಿನ ಮೂರು ಜನಕ್ಕೆ ಸಮನಾಗಿ ಹಂಚಿ ನೋಡೋಣ" ಅಂದರು. ಮೂವತ್ಮೂರು ಮೂವತ್ಮೂರು ಪೈಸೆ, ಒಂದು ಪೈಸೆ ಉಳೀತದೆ ಅಂದೆ. "ನಮ್ಮ ಕಾಲದಲ್ಲಿ ಉಳೀತಿರಲಿಲ್ಲ. ತಲೆಗೆ ಐದಾಣೆ ನಾಲ್ಕು ಕಾಸು" ಅಂದು ನಕ್ಕರು.

ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು. ಒಟ್ಟು 192 ಕಾಸು. ಅದನ್ನ ಒಡೆದು ನೋಡಿ: 2×2×2×2×2×2×3. ಆರು ಎರಡು, ಒಂದು ಮೂರು. ಅರ್ಧ, ಕಾಲು, ಅರೆಕಾಲು, ವೀಸ ಎಲ್ಲಕ್ಕೂ ಸಲೀಸು, ಮೂರು ಪಾಲಿಗೂ ಸಲೀಸು. 1957ರ ಏಪ್ರಿಲ್ 1ರಿಂದ ಬಂದ ಹೊಸ ರೂಪಾಯಿ 100 ಪೈಸೆ, ಅಂದರೆ 2×2×5×5. ಅದರೊಳಗೆ ಮೂರೇ ಇಲ್ಲ, ಹಂಚೋದೆಲ್ಲಿಂದ? ಹಾಗಂತ ಹಳೇದೇ ಚಿನ್ನ ಅನ್ನಬೇಡಿ. 192ರಲ್ಲಿ ಐದಿಲ್ಲ. ಐದು ಜನ ಅಣ್ಣತಮ್ಮಂದಿರು ಆಗಲೂ ಕಾಸಿಗೆ ಕಿತ್ತಾಡಬೇಕಿತ್ತು. ಅವಿಭಾಜ್ಯ ಅಪವರ್ತನ ಯಾಕೆ ಬೇಕು ಅಂತ ಮಕ್ಕಳು ಕೇಳಿದರೆ ಹೇಳೋಕೆ ನನಗೊಂದು ಉತ್ತರ ಸಿಕ್ಕಿದ್ದು ಆ ಜಗಲಿಯಲ್ಲಿ.

ಆಮೇಲೆ ಹುಡುಕಿ ಓದೋ ಹುಚ್ಚು ಹಿಡೀತು. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಸಂಸ್ಕೃತದ ಗ್ರಂಥ, ಆದರೆ ನಮ್ಮ ಅಮೋಘವರ್ಷ ನೃಪತುಂಗನ ಕಾಲದ್ದು, ಅವನ ಹೊಗಳಿಕೆಯೂ ಅದರಲ್ಲಿದೆ. ಎಂ. ರಂಗಾಚಾರ್ಯರು ಅದನ್ನ ಇಂಗ್ಲಿಷಿಗೆ ತಂದು 1912ರಲ್ಲಿ ಮದ್ರಾಸಿನಿಂದ ಅಚ್ಚು ಹಾಕಿಸಿದ ಮೇಲೆ ಹೊರಗಿನವರಿಗೂ ಗೊತ್ತಾಯ್ತು. ಭಿನ್ನರಾಶಿಗಳ ಭಾಗದಲ್ಲಿ ಆಚಾರ್ಯರು 'ನಿರುದ್ಧ' ಅನ್ನೋ ಮಾತು ತರ್ತಾರೆ. ಛೇದಗಳ ಸಾಮಾನ್ಯ ಅಪವರ್ತನಗಳನ್ನೂ ಕೊನೆಗೆ ಉಳಿದ ಭಾಗಲಬ್ಧಗಳನ್ನೂ ಒಂದಕ್ಕೊಂದು ಗುಣಿಸಿದರೆ ಬರೋದೇ ನಿರುದ್ಧ. 12 ಮತ್ತು 18 ತಗೊಳ್ಳಿ. ಎರಡರಿಂದ ಭಾಗಿಸಿದರೆ 6, 9. ಮೂರರಿಂದ ಭಾಗಿಸಿದರೆ 2, 3. ಈಗ 2×3×2×3, ಅಂದರೆ 36. ಇದು ನಮ್ಮ ಲ.ಸಾ.ಅ. ಅಲ್ಲವೇನು? ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಗೀರಿದ ಭಾಗಾಕಾರದ ಏಣಿಗೆ ಸಾವಿರದ ನೂರು ವರ್ಷ ದಾಟಿತ್ತು.

ಮುಂದಿನ ವರ್ಗ ಚನ್ನರಾಯಪಟ್ಟಣ ತಾಲ್ಲೂಕಿಗೆ. ತೆಂಗಿನ ಸೀಮೆ, ಪಾಠಕ್ಕೆ ಕಾಯಿಗೇನು ಬರ? 36 ಕಾಯಿ ತರಿಸಿ ಅಂಗಳದಲ್ಲಿ ಸಾಲಾಗಿ ಜೋಡಿಸಿ ಅಂದೆ. 6×6, 4×9, 3×12, 2×18 ಎಲ್ಲಾ ಬಂತು. ಇನ್ನೊಂದು ಕಾಯಿ ಸೇರಿಸಿ 37 ಮಾಡಿ ಕೊಟ್ಟೆ. ಹೇಗೆ ಜೋಡಿಸಿದರೂ ಒಂದು ಕಾಯಿ ಎಲ್ಲಾದರೂ ಹೊರಗೆ ನಿಲ್ತಿತ್ತು, ಇಲ್ಲ ಅಂದರೆ ಒಂದೇ ಉದ್ದ ಸಾಲು. ಅವಿಭಾಜ್ಯ ಅನ್ನೋ ಪದ ಆಗಿನ್ನೂ ನಾನು ಹೇಳಿರಲಿಲ್ಲ.

ಆ ತಾಲ್ಲೂಕಿನಲ್ಲೇ ಇರೋದು ಶ್ರವಣಬೆಳಗೊಳ. 981ರ ಸುಮಾರಿಗೆ ಗೊಮ್ಮಟನನ್ನ ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು. ಅವರ 'ತ್ರಿಲೋಕಸಾರ' ಲೋಕದ ಅಳತೆ ಹೇಳೋ ಗ್ರಂಥ, ಅದರ ತುಂಬ ಲೆಕ್ಕ. ಅದರಲ್ಲಿ ಬರೋ ಒಂದು ಮಾತು 'ಅರ್ಧಚ್ಛೇದ', ಅಂದರೆ ಒಂದು ಸಂಖ್ಯೆಯನ್ನ ಎಷ್ಟು ಸಲ ಅರ್ಧ ಮಾಡಬಹುದು ಅನ್ನೋ ಎಣಿಕೆ. 64ರ ಅರ್ಧಚ್ಛೇದ 6. ಅದಕ್ಕೂ ಮುಂಚೆ, 816ರ ಸುಮಾರಿಗೆ ಮುಗಿದ ವೀರಸೇನಾಚಾರ್ಯರ 'ಧವಲಾ' ಟೀಕೆಯಲ್ಲಿ ಅರ್ಧಚ್ಛೇದದ ಜೊತೆ, ಎಷ್ಟು ಸಲ ಮೂರು ಪಾಲು ಮಾಡಬಹುದು ಅನ್ನೋ 'ತ್ರಿಕಚ್ಛೇದ'ವೂ ಇದೆ. ಈ ಧವಲಾದ ಓಲೆಗರಿ ಪ್ರತಿ ಉಳಿದು ಬಂದದ್ದು ನಮ್ಮ ಮೂಡುಬಿದಿರೆಯಲ್ಲಿ, ಕನ್ನಡ ಲಿಪಿಯಲ್ಲಿ. ಮಕ್ಕಳನ್ನ ಬೆಟ್ಟಕ್ಕೆ ಕರಕೊಂಡು ಹೋದಾಗ ಇದನ್ನ ಹೇಳಿದೆ. ಇಳಿದು ಬರ್ತಾ ಒಬ್ಬಳು, "192ಕ್ಕೆ ಅರ್ಧಚ್ಛೇದ ಆರು, ತ್ರಿಕಚ್ಛೇದ ಒಂದು, ಅಲ್ವಾ ಸಾ?" ಅಂದಳು. ಹಳೇ ಗ್ರಂಥದ ಮಾತು ಹಳೇ ರೂಪಾಯಿಗೆ ಹೀಗೆ ಕೂಡಿಕೊಂಡಿತು.

ಕೊನೆಗೆ ಹಾಸನಕ್ಕೆ ಬಂದೆ. ಅಲ್ಲಿ ಏಳನೇ ಕ್ಲಾಸಿಗೆ ಮಹಾವೀರಾಚಾರ್ಯರ ಇನ್ನೊಂದು ತಮಾಷೆ ತೋರಿಸಿದೆ. ಅವರು ಕೆಲವು ಗುಣಾಕಾರಗಳ ಉತ್ತರವನ್ನ ಕೊರಳಿನ ಹಾರ ಅಂತ ಕರೀತಾರೆ. 152207ನ್ನ 73ರಿಂದ ಗುಣಿಸಿ, 11111111 ಬರ್ತದೆ. ಎಂಟು ಮಣಿ ಪೋಣಿಸಿದ ಸರ. ಈಗ ಹಾರ ಬಿಚ್ಚೋಣ, ದಾರ ಎಲ್ಲಿದೆ ನೋಡೋಣ ಅಂದೆ. ಮೊದಲ 11 ತಕ್ಷಣ ಸಿಕ್ಕಿತು, ಉಳಿದದ್ದು 1010101. ಅದರಿಂದ 101 ತೆಗೆದರೆ 10001. ಅಲ್ಲಿಗೆ ಎಲ್ಲರೂ ನಿಂತರು. ನೂರನ್ನ ನೂರರಿಂದ ಗುಣಿಸಿದರೆ 10000 ತಾನೇ, ಆದ್ದರಿಂದ ನೂರರೊಳಗಿನ ಅವಿಭಾಜ್ಯಗಳನ್ನ ನೋಡಿದರೆ ಸಾಕು ಅಂದೆ. ಇರೋದು 25. ಅದರಲ್ಲಿ 2, 3, 5 ಆಗಲ್ಲ ಅಂತ ನೋಡಿದ ತಕ್ಷಣ ಗೊತ್ತಾಗ್ತದೆ. ಮಿಕ್ಕ 22ನ್ನ ಮಕ್ಕಳಿಗೆ ಹಂಚಿದೆ, ಒಂದೊಂದು ಒಬ್ಬೊಬ್ಬರಿಗೆ. ಒಂದಷ್ಟು ಹೊತ್ತು ಬರೀ ಪೆನ್ಸಿಲ್ ಸದ್ದು. ಆಮೇಲೆ ಕಿಟಕಿ ಹತ್ತಿರದ ಹುಡುಗಿ "ನಂದು! ನಂದು ಹೋಗ್ತದೆ!" ಅಂತ ಕೂಗಿದಳು. ಅವಳ ಪಾಲಿಗೆ ಬಂದಿದ್ದು 73. ಭಾಗಲಬ್ಧ 137. ಹಾರದ ಗುಟ್ಟು ಹೊರಬಿತ್ತು: 11×73×101×137.

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡ್ತೀನಿ. ಇದನ್ನೆಲ್ಲ ಹೇಳಿದಾಗ "ಹಾಗಾದರೆ ಎಲ್ಲಾ ನಾವೇ ಮೊದಲು ಕಂಡುಹಿಡಿದದ್ದು" ಅಂತ ಚಪ್ಪಾಳೆ ಹೊಡೆಯೋರಿದ್ದಾರೆ. ಹಾಗಲ್ಲ. ಅವಿಭಾಜ್ಯಗಳಿಗೆ ಕೊನೆಯಿಲ್ಲ ಅಂತ ಸಾಧಿಸಿದ್ದು ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡ್. ಯಾವ ಸಂಖ್ಯೆಯನ್ನೇ ಒಡೆಯಲಿ, ಕೊನೆಗೆ ಸಿಗೋ ಅವಿಭಾಜ್ಯಗಳು ಅವೇ, ಬೇರೆ ಬರೋಕೆ ಸಾಧ್ಯವಿಲ್ಲ ಅನ್ನೋದಕ್ಕೆ 1801ರಲ್ಲಿ ಪೂರ್ತಿ ಸಾಧನೆ ಕೊಟ್ಟವರು ಜರ್ಮನಿಯ ಗೌಸ್. ನಿರುದ್ಧವಾಗಲಿ ಅರ್ಧಚ್ಛೇದವಾಗಲಿ ಆ ಪ್ರಮೇಯ ಅಲ್ಲ. ನಮ್ಮವರು ಸಂಖ್ಯೆ ಒಡೆದದ್ದು ಭಿನ್ನರಾಶಿ ಕೂಡೋಕೆ, ಲೋಕ ಅಳೆಯೋಕೆ, ಒಮ್ಮೊಮ್ಮೆ ಬರೀ ಆಟಕ್ಕೆ. ಒಡೀತಾ ಒಡೀತಾ ಹೋದವರಿಗೇ ಒಡೆಯದ್ದು ಎದುರಾಗೋದು. ನಾನು ಮೊದಲ ವರ್ಷ ಮಾಡಿದ ತಪ್ಪು 91 ಬರೆದದ್ದಷ್ಟೇ ಅಲ್ಲ. ಒಡೆಯೋಕೆ ಮಕ್ಕಳ ಕೈಗೆ ಏನನ್ನೂ ಕೊಡದೆ, ಒಡೆಯದವುಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಅಂದದ್ದು. ಮನೆಯಿಂದಲೇ ಒಂದು ಸಂಖ್ಯೆ ಒಡೆದುಕೊಂಡು ಬಂದಿದ್ದ ಒಬ್ಬನನ್ನ ನಗಿಸಿ ಕೂರಿಸಿದ್ದು.

ಅದಾದ ಮೇಲೆ ಪ್ರತಿ ವರ್ಷ ಈ ಪಾಠ ಶುರು ಮಾಡಿದ್ದು ಒಂದೇ ಪ್ರಶ್ನೆಯಿಂದ: ದಿನಕ್ಕೆ ಹದಿಮೂರು ಲೀಟರ್ ಹಾಲು ಡೇರಿಗೆ ಹಾಕಿದರೆ ವಾರಕ್ಕೆ ಎಷ್ಟು? ಈ ಲೆಕ್ಕ ನನಗೆ ಹೇಳಿಕೊಟ್ಟವನು ಅರಕಲಗೂಡು ಕಡೆಯ ಒಬ್ಬ ಆರನೇ ಕ್ಲಾಸಿನ ಹುಡುಗ ಅಂತಲೂ ಮಕ್ಕಳಿಗೆ ಹೇಳ್ತಿದ್ದೆ. ಅವನಿಗೇ ಹೇಳಲಿಲ್ಲ, ಅದು ಉಳಿದೇ ಹೋಯ್ತು. ಅವತ್ತು ಬೋರ್ಡು ಒರೆಸಿದೆ, ನೋಟ್‌ಬುಕ್ಕುಗಳನ್ನ ಒರೆಸೋಕಾಗಲಿಲ್ಲ. ಆ ಊರಿನ ಯಾವುದಾದರೂ ಅಟ್ಟದ ಮೇಲೆ ಇವತ್ತಿಗೂ 91 ಅವಿಭಾಜ್ಯವಾಗಿಯೇ ಕೂತಿರಬಹುದು. ಸಿಕ್ಕಿದವರು ದಯವಿಟ್ಟು ಹೊಡೆದುಹಾಕಿ, ಪಕ್ಕದಲ್ಲಿ 7×13 ಅಂತ ಬರೀರಿ.