ರಾಯಚೂರಿನ ಮುತ್ತಿಗೆಯೂ ವಿಜಯನಗರದ ಕೋವಿಯೂ

ವಿಜಯನಗರದ ಸೈನ್ಯವೆಂದೊಡನೆ ಆನೆ, ಕುದುರೆ, ಬಿಲ್ಲುಗಳು ನೆನಪಿಗೆ ಬರುವುದು ವಾಡಿಕೆ. ಆದರೆ ಕೃಷ್ಣದೇವರಾಯನ ಕಾಲಕ್ಕಾಗಲೇ ಅಲ್ಲಿ ಕೋವಿಯೂ ಬಳಕೆಯಲ್ಲಿತ್ತು. ಮಹಾನವಮಿಯ ತರುವಾಯ ನಡೆದ ಸೇನಾಪ್ರದರ್ಶನವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸನು ಕೋವಿಕಾರರನ್ನೂ ಹೆಸರಿಸಿದ್ದಾನೆ.

ಆ ಬತ್ತಿಕೋವಿಯ ರಚನೆ ಸರಳವಾದುದು. ನಳಿಗೆಯ ಬಾಯಿಂದ ಮದ್ದನ್ನೂ ಗುಂಡನ್ನೂ ಜಡಿದು, ಪಕ್ಕದ ಬಟ್ಟಲಿನಲ್ಲಿ ನುಣ್ಣನೆಯ ಮದ್ದನ್ನಿಡಬೇಕು. ಕೀಲನ್ನೆಳೆದಾಗ ಉರಿಯುತ್ತಿರುವ ಬತ್ತಿಯು ಬಟ್ಟಲಿಗೆ ಬಾಗುತ್ತದೆ. ಕಿಡಿಯು ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದನ್ನು ಮುಟ್ಟುತ್ತದೆ. ಮಳೆಯಲ್ಲಿ ಇದು ನಿರುಪಯುಕ್ತ. ಮತ್ತೆ ತುಂಬುವುದಕ್ಕೂ ವಿಳಂಬ.

ಇದರ ಪ್ರಯೋಜನವು 1520ರ ರಾಯಚೂರು ಮುತ್ತಿಗೆಯಲ್ಲಿ ಪ್ರಕಟವಾಯಿತು. ನೂನಿಜನ ಪ್ರಕಾರ, ಕೋಟೆಯ ಕಲ್ಲು ಕಿತ್ತವರಿಗೆ ಕಲ್ಲಿನ ಗಾತ್ರಕ್ಕೆ ತಕ್ಕಂತೆ ಹಣ ಸಲ್ಲುತ್ತಿತ್ತು. ಆದರೂ ಮೇಲಿನಿಂದ ಬೀಳುವ ಕಲ್ಲು, ಬಾಣಗಳಿಗೆ ಅನೇಕರು ಬಲಿಯಾದರು. ಆಗ ಕ್ರಿಸ್ಟೊವಾವ್ ದ ಫಿಗೆರೆಡೊ ಇಪ್ಪತ್ತು ಮಂದಿ ಪೋರ್ಚುಗೀಸರೊಡನೆ ಬಂದು, ತೆನೆಗಳ ಮೇಲೆ ನಿರ್ಭಯವಾಗಿ ನಿಂತಿದ್ದವರನ್ನು ಗುರಿಯಿಟ್ಟು ಹೊಡೆದನು. ಕೋಟೆಯ ಅಧಿಪತಿ ಹಣೆಗೆ ಗುಂಡು ತಗಲಿ ಮಡಿದನು, ಕೋಟೆ ಶರಣಾಯಿತು. ಇದೇ ಫಿಗೆರೆಡೊವನ್ನು ರಾಯನು ನಾಗಲಾಪುರದಲ್ಲಿ, ಎಂದರೆ ಇಂದಿನ ಹೊಸಪೇಟೆಯಲ್ಲಿ, ಬರಮಾಡಿಕೊಂಡನು.

ಗೋಡೆಯನ್ನೊಡೆದದ್ದು ಕೋವಿಯಲ್ಲ, ಹಾರೆ. ಕೋವಿಯು ಹಾರೆಗೆ ಅವಕಾಶ ಕಲ್ಪಿಸಿತು. ಅದಕ್ಕೆ ಮುನ್ನ ಬಯಲಿನಲ್ಲಿ ಆದಿಲ್ ಶಾಹನ ಫಿರಂಗಿಗಳು ಮೊದಲು ಹಾವಳಿ ಮಾಡಿದರೂ ಜಯ ರಾಯನದಾಗಿತ್ತು. ಸೋಲು ಬಿಜಾಪುರವನ್ನು ಎಚ್ಚರಿಸಿತೆಂದೂ, ಗೆಲುವು ವಿಜಯನಗರವನ್ನು ಮೈಮರೆಸಿತೆಂದೂ ರಿಚರ್ಡ್ ಈಟನ್ ವಾದಿಸಿದ್ದಾರೆ. 1565ರ ಪತನಕ್ಕೆ ಇದೊಂದೇ ಕಾರಣವೆನ್ನಲಾಗದು. ಆದರೆ ಆ ಪತನವನ್ನು ಕೇವಲ ದ್ರೋಹದ ಕಥೆಯಾಗಿ ಬೋಧಿಸುವ ಮುನ್ನ, ಗೆದ್ದವನು ಆಯುಧದಿಂದ ಏನನ್ನು ಕಲಿತನೆಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಡುವುದು ಅವಶ್ಯಕ.