ಕೊಲ್ಲಾರಿ ಚಕ್ಕಡಿ

ಮೇಲೆ ಕೊಲ್ಲಾರಿ ಎಂಬ ಕಮಾನಿನ ಹೊದಿಕೆ ಕಟ್ಟಿದ, ಜೋಡಿ ಎತ್ತು ಎಳೆಯುವ ಎರಡು ಗಾಲಿಯ ಬಂಡಿಗೆ ಕೊಲ್ಲಾರಿ ಚಕ್ಕಡಿ ಎಂದು ಹೆಸರು. ಉತ್ತರ ಕರ್ನಾಟಕದಲ್ಲೂ ಅದಕ್ಕೆ ಅಂಟಿಕೊಂಡ ಮಹಾರಾಷ್ಟ್ರದ ಸಾಂಗಲಿ, ಸೊಲ್ಲಾಪುರ, ಕೊಲ್ಲಾಪುರ ಸೀಮೆಯಲ್ಲೂ ಮನೆಮಂದಿಯೆಲ್ಲ ಕೂಡಿ ಜಾತ್ರೆಗೆ ಹೋಗಲು, ದಾರಿಯಲ್ಲಿ ರಾತ್ರಿ ಕಳೆಯಲು, ದೇವರ ಗುಡ್ಡದ ಕೆಳಗಿನ ಬಯಲಲ್ಲಿ ನಾಲ್ಕಾರು ದಿನ ಬಿಡಾರ ಹೂಡಲು ಇದನ್ನು ಬಳಸುತ್ತ ಬಂದಿದ್ದಾರೆ. ಪಶ್ಚಿಮದ ದೇಶಗಳಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಕ್ಯಾಂಪರ್ ಟ್ರೇಲರ್ ಮಾಡುವ ಕೆಲಸ ಇದೇ. ಹಳೆಯ ಟ್ರೇಲರನ್ನು ಕೊಂಡು ಸರಿಪಡಿಸುವುದು ಅಲ್ಲಿ ಹವ್ಯಾಸ. ಮೂಲೆಗೆ ಬಿದ್ದ ಚಕ್ಕಡಿಯನ್ನು ಮತ್ತೆ ದಾರಿಗಿಳಿಸುವುದು ಇಲ್ಲಿ ಬಡಿಗೇರ, ಕಮ್ಮಾರ, ಒಕ್ಕಲಿಗ ಮೂವರೂ ಕೈಹಾಕಬೇಕಾದ ಕೆಲಸ.

ಹೆಸರುಗಳು ಊರಿಗೊಂದು. ಹೊದಿಕೆ ಕಟ್ಟಿದ ಹಗುರ ಬಂಡಿಗೆ ಸವಾರಿ ಬಂಡಿ ಎನ್ನುವವರಿದ್ದಾರೆ, ದಮಣಿ ಎನ್ನುವವರೂ ಇದ್ದಾರೆ. ಹಳೆ ಮೈಸೂರಿನ ಕಡೆ ಅದೇ ಕಮಾನು ಗಾಡಿ. ಗೊಬ್ಬರ, ಕಣಕಿ ಹೇರುವ ಚಕ್ಕಡಿಯ ಮೇಲೆಯೇ ಜಾತ್ರೆಯ ಮಟ್ಟಿಗೆ ಕೊಲ್ಲಾರಿ ಕಟ್ಟಿ, ಬಂದಮೇಲೆ ಬಿಚ್ಚಿಡುವುದೇ ಹೆಚ್ಚು. ಸವಾರಿಗೆಂದೇ ಬೇರೆ ಬಂಡಿ ಇಟ್ಟಿದ್ದವರು ಗೌಡರು, ದೇಸಾಯರು, ಉಳ್ಳವರು.

ಸೀಮೆ ಮತ್ತು ದಾರಿ

ಈ ಬಂಡಿಯ ಸೀಮೆಗಳಲ್ಲೊಂದಾದ ಜತ್ ತಾಲ್ಲೂಕು ಸಾಂಗಲಿ ಜಿಲ್ಲೆಯ ಪೂರ್ವದ ತುದಿ. ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. ಉಮದಿ, ಸಂಖ, ಗುಡ್ಡಾಪುರದ ಕಡೆ ಕನ್ನಡವೇ ಮನೆಮಾತು, ಸಂತೆಯಲ್ಲಿ ಎರಡೂ ಮಾತು ನಡೆಯುತ್ತವೆ. ಅದು ಬಂಡಿಯ ಪದಗಳಲ್ಲೂ ಕಾಣುತ್ತದೆ. ಗಾಲಿಯ ಕಬ್ಬಿಣದ ಪಟ್ಟಿಗೆ ಕನ್ನಡದ ಕಮ್ಮಾರ ಹಳಿ ಎಂದರೆ ಮರಾಠಿಯವನು ಧಾವ ಎನ್ನುತ್ತಾನೆ. ಇವನ ಕೀಲೆಣ್ಣೆ ಅವನಿಗೆ ವಂಗಣ.

ಮಳೆನೆರಳಿನ ಈ ನಾಡಿಗೆ ಕಿಲಾರಿ ಎತ್ತು ಹೇಳಿ ಮಾಡಿಸಿದ ತಳಿ. ಬಿಳಿ ಇಲ್ಲವೇ ಬೂದು ಮೈ, ಹಿಂದಕ್ಕೆ ಬಾಗಿ ಮೇಲೇಳುವ ಉದ್ದ ಕೋಡು, ಚುರುಕು ನಡಿಗೆ. ನೆರೆಯ ಆಟಪಾಡಿ ತಾಲ್ಲೂಕಿನ ಖರಸುಂಡಿಯ ದನದ ಜಾತ್ರೆ ಈ ತಳಿಗೇ ಹೆಸರಾದದ್ದು. ಮಾರ್ಗಶಿರದಲ್ಲಿ ಜತ್ತಿನ ಯಲ್ಲಮ್ಮನ ಜಾತ್ರೆ ಬರುತ್ತದೆ. ಮಾಘದ ಭಾರತ ಹುಣ್ಣಿಮೆಗೆ ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ, ಅದೇ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡ. ಜತ್ತಿನಿಂದ ಅಥಣಿ ಹಾದು ಕೃಷ್ಣೆಯನ್ನು ದಾಟಿ ಚಿಂಚಲಿ ಮುಟ್ಟಲು ಬಂಡಿಗೆ ಮೂರು-ನಾಲ್ಕು ದಿನ ಬೇಕು. ಗಂಟೆಗೆ ನಾಲ್ಕೈದು ಕಿಲೋಮೀಟರ್ ನಡಿಗೆ, ಮಧ್ಯಾಹ್ನ ಎತ್ತು ಕೊಳ್ಳಬಿಚ್ಚುವ ಹೊತ್ತು, ರಾತ್ರಿ ಯಾವುದಾದರೂ ಬಾವಿಯ ದಂಡೆ. ಹೀಗಾಗಿ ಚಕ್ಕಡಿಯ ದುರಸ್ತಿಗೂ ಪಂಚಾಂಗಕ್ಕೂ ನಂಟು. ಸುಗ್ಗಿಯ ಹೇರು ಮುಗಿದು ಹುಣ್ಣಿಮೆ ಬರುವುದರೊಳಗೆ ಬಂಡಿ ಸಿದ್ಧವಾಗಬೇಕು.

ಗಾಲಿ

ಹಳೆಯ ಚಕ್ಕಡಿ ನೋಡಲು ಹೋದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಕೆತ್ತನೆ. ನೋಡಬೇಕಾದದ್ದು ಗಾಲಿ. ಮೈ ಹೊಸದಾಗಿ ಕಟ್ಟಿಸಬಹುದು, ಕೊಲ್ಲಾರಿ ಎರಡು ದಿನದ ಕೆಲಸ. ಒಳ್ಳೆಯ ಗಾಲಿಯೊಂದನ್ನು ಮಾಡಬಲ್ಲ ಕೈಗಳು ಮಾತ್ರ ಈಗ ಬೆರಳೆಣಿಕೆಯಷ್ಟು.

ಗಾಲಿಯ ನಡುವಿನ ದಪ್ಪ ಕೊರಡು ಗುಂಬ. ಅದರೊಳಗೆ ಅಚ್ಚು ಕೂರುವ ತೂತಿಗೆ ಕಬ್ಬಿಣದ ಬಳೆ ಹೊಡೆದಿರುತ್ತಾರೆ. ಗುಂಬದಿಂದ ಹೊರಟ ಅರೆಕಾಲುಗಳು ಹೊರಗಿನ ಸುತ್ತುಮರಕ್ಕೆ ನಾಟಿಕೊಳ್ಳುತ್ತವೆ. ಸುತ್ತುಮರ ಒಂದೇ ತುಂಡಲ್ಲ. ಬಾಗಿದ ಆರು ತುಂಡು, ಒಂದೊಂದಕ್ಕೆ ಎರಡರಂತೆ 12 ಅರೆಕಾಲು ಇರುವ ಗಾಲಿ ಸಾಮಾನ್ಯ. ಬಯಲುಸೀಮೆಯಲ್ಲಿ ಇದಕ್ಕೆಲ್ಲ ಜಾಲಿಯೇ ಮರ. ಗಟ್ಟಿ, ಪೆಟ್ಟು ತಡೆಯುತ್ತದೆ, ಹೊಲದ ಬದುವಿನಲ್ಲೇ ಸಿಗುತ್ತದೆ. ಕಡಿದ ಜಾಲಿಯನ್ನು ಕೆಲವು ತಿಂಗಳು ನೀರಲ್ಲಿ ಮುಳುಗಿಸಿಟ್ಟು, ಆಮೇಲೆ ನೆರಳಲ್ಲಿ ಒಣಗಿಸಿ ಬಳಸುವ ರೂಢಿಯಿದೆ. ಮರದೊಳಗಿನ ರಸ ನೀರಿಗೆ ಬಿಟ್ಟುಕೊಟ್ಟರೆ ಹುಳು ಕೊರೆಯುವುದು ಕಡಿಮೆ.

ಪರೀಕ್ಷೆಗೆ ಯಂತ್ರವೇನೂ ಬೇಡ. ಒಂದು ಗಾಲಿ ನೆಲ ಬಿಡುವಂತೆ ಅಚ್ಚಿನ ಕೆಳಗೆ ಕಲ್ಲು ಕೊಟ್ಟು, ಗಾಲಿಯನ್ನು ಕೈಯಿಂದ ಅಲ್ಲಾಡಿಸಬೇಕು. ಗುಂಬದ ಬಳಿ ಟಕ್ ಟಕ್ ಎಂದರೆ ಒಳಗಿನ ಬಳೆ ಸವೆದಿದೆ. ಅರೆಕಾಲಿನ ಬುಡ ಕಿರುಗುಟ್ಟಿದರೆ ಮರ ಕುಗ್ಗಿದೆ. ಸುತ್ತಿಗೆಯಿಂದ ಹಳಿಗೆ ಮೆಲ್ಲಗೆ ಬಡಿದಾಗ ಗಂಟೆಯಂತೆ ನಾದ ಬಂದರೆ ಸರಿ, ಬೊದ್ದು ದನಿ ಬಂದರೆ ಹಳಿ ಸಡಿಲ.

ಹಳಿ ಸಡಿಲಾಗುವುದು ಬೇಸಿಗೆಯ ಕಾಯಿಲೆ. ಬಿಸಿಲಿಗೆ ಮರ ಒಣಗಿ ಕುಗ್ಗುತ್ತದೆ, ಕಬ್ಬಿಣ ಕುಗ್ಗುವುದಿಲ್ಲ. ಹೊಳೆದಂಡೆಯ ಊರಿನವರು ಬಂಡಿಯನ್ನು ನೀರಿಗಿಳಿಸಿ ರಾತ್ರಿಯಿಡೀ ಬಿಡುತ್ತಾರೆ, ಬೆಳಗಾಗುವುದರೊಳಗೆ ಮರ ಉಬ್ಬಿ ಹಳಿ ಬಿಗಿಯುತ್ತದೆ. ಬೇಸಿಗೆಗೆ ಟ್ಯಾಂಕರ್ ಕಾಯುತ್ತಿದ್ದ ಜತ್ತಿನಲ್ಲಿ ಗಾಲಿ ಅದ್ದಲು ನೀರೆಲ್ಲಿಂದ ತರುವುದು? ಮ್ಹೈಸಾಳ ಏತ ನೀರಾವರಿ ಕೃಷ್ಣೆಯ ನೀರನ್ನು ತಾಲ್ಲೂಕಿನ ಕೆಲವು ಭಾಗಕ್ಕೆ ತಂದದ್ದು ಇತ್ತೀಚಿನ ಮಾತು. ನೀರಿಗಿಳಿಸುವುದು ಹೇಗೂ ತಾತ್ಕಾಲಿಕ ಉಪಾಯ, ನೀರು ಆರಿದರೆ ಮತ್ತೆ ಅದೇ ಪಾಡು. ನಿಜವಾದ ಔಷಧ ಹಳಿಯನ್ನು ಬಿಚ್ಚಿ, ಕತ್ತರಿಸಿ, ಕಿರಿದು ಮಾಡಿ ಮತ್ತೆ ಕಟ್ಟುವುದು.

ಹಳಿ ಕಟ್ಟುವ ಕೆಲಸ ಸಾಮಾನ್ಯವಾಗಿ ಬೆಳಗಿನ ತಂಪಿನಲ್ಲಿ, ಕುಲುಮೆಯ ಮುಂದಿನ ಬಯಲಲ್ಲಿ ನಡೆಯುತ್ತದೆ. ಕಮ್ಮಾರ ಗಾಲಿಯ ಸುತ್ತಳತೆಯನ್ನು ಹುರಿಯಿಂದ ಅಳೆದು, ಹಳಿಯನ್ನು ಅದಕ್ಕಿಂತ ಒಂದು ಬೆರಳಿಗೂ ಕಡಿಮೆ ಅಂತರದಷ್ಟು ಚಿಕ್ಕದಾಗಿ ಬೆಸೆಯುತ್ತಾನೆ. ನೆಲದ ಮೇಲೆ ಹಳಿಯನ್ನು ಮಲಗಿಸಿ, ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಕೊಡುತ್ತಾರೆ. ಕುಳ್ಳಿನ ಬೆಂಕಿಯ ಗುಣವೆಂದರೆ ಅದು ಒಂದೇ ಕಡೆ ಭುಗಿಲೇಳುವುದಿಲ್ಲ, ಇಡೀ ಸುತ್ತು ಒಂದೇ ಸಮನೆ ಕಾಯುತ್ತದೆ. ಹದ ನೋಡಲು ಕಟ್ಟಿಗೆಯ ಚೂರನ್ನು ಹಳಿಗೆ ಮುಟ್ಟಿಸುತ್ತಾರೆ. ತಟ್ಟನೆ ಹೊಗೆಯಾಡಿ ಕರಿಯಾದರೆ ಕಾದಿದೆ ಎಂದರ್ಥ. ಆಮೇಲಿನದೆಲ್ಲ ನಿಮಿಷದ ಆಟ. ಮೂರು ಕಡೆಯಿಂದ ಇಕ್ಕಳ ಹಾಕಿ ಎತ್ತಿದ ಹಳಿ ಗಾಲಿಯ ಮೇಲೆ ಕೂರುತ್ತದೆ, ಮರ ಚುರ್ ಎಂದು ಹೊತ್ತಿಕೊಳ್ಳುತ್ತದೆ, ಒಬ್ಬ ಸುತ್ತಿಗೆಯಿಂದ ಬಡಿದು ಕೂರಿಸುತ್ತ ಸುತ್ತುತ್ತಾನೆ, ಅವನ ಬೆನ್ನಿಗೇ ಇನ್ನೊಬ್ಬ ಕೊಡದಿಂದ ನೀರು ಹುಯ್ಯುತ್ತಾನೆ. ಹಬೆಯ ನಡುವೆ ಮರದ ಕೀಲುಗಳು ಒಂದೊಂದಾಗಿ ಲಟಲಟ ಬಿಗಿಯುವ ಸದ್ದು ಕೇಳಿದರೆ ಕೆಲಸ ಕೈಗೂಡಿತು.

ಇದರ ಲೆಕ್ಕ ಸರಳ. ಕಬ್ಬಿಣ ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ಐದು ಅಡಿ ಅಡ್ಡಳತೆಯ ಗಾಲಿಯ ಸುತ್ತಳತೆ 15 ಅಡಿ ಎಂಟೂವರೆ ಅಂಗುಲದಷ್ಟು. 500 ಡಿಗ್ರಿ ಕಾಯಿಸಿದರೆ ಹಳಿ ಒಂದು ಅಂಗುಲಕ್ಕಿಂತ ತುಸು ಹೆಚ್ಚು ಬೆಳೆಯುತ್ತದೆ. ಅಷ್ಟರೊಳಗೇ ಕಮ್ಮಾರನ ಜಾಣ್ಮೆ ನಿಂತಿದೆ. ಹಳಿ ತೀರ ಚಿಕ್ಕದಾದರೆ ಏರುವುದೇ ಇಲ್ಲ, ಏರಿದರೂ ತಣ್ಣಗಾಗುವಾಗ ಅರೆಕಾಲನ್ನು ಮುರಿಯುತ್ತದೆ. ದೊಡ್ಡದಾದರೆ ಮುಂದಿನ ಚೈತ್ರಕ್ಕೇ ಉದುರುತ್ತದೆ.

ಗಾಲಿಯ ಗೊಡವೆಯೇ ಬೇಡವೆಂದು ಬೇರಿಂಗ್ ಅಚ್ಚು, ಗಾಳಿ ತುಂಬಿದ ಟೈರು ಹಾಕಿಸುವವರು ಬಹಳ. ಎತ್ತಿನ ಗಾಡಿಗೆಂದೇ 8.00–19 ಅಳತೆಯ ಟೈರು ಮಾರುಕಟ್ಟೆಯಲ್ಲಿದೆ. ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಹೇರುವ ಟೈರ್ ಗಾಡಿಗಳು ಹೀಗೇ ಬಂದವು. ಜತ್ತಿನಂಥ ಬರದ ತಾಲ್ಲೂಕುಗಳಿಂದ ಕಬ್ಬು ಕಡಿಯಲು ಹೋಗುವ ಕುಟುಂಬಗಳಿಗೆ ಆ ಗಾಡಿಯೇ ಅರ್ಧ ಮನೆ. ಎತ್ತಿನ ಹೆಗಲಿನ ಮಟ್ಟಿಗೆ ಟೈರು ಉಪಕಾರಿ ಎಂಬುದರಲ್ಲಿ ಅನುಮಾನವಿಲ್ಲ. ಬೆಂಗಳೂರಿನ ಭಾರತೀಯ ಪ್ರಬಂಧನ ಸಂಸ್ಥೆಯ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಬಂಡಿಯ ಸುಧಾರಣೆಯನ್ನು ಅಧ್ಯಯನದ ವಿಷಯವಾಗಿ ಕೈಗೆತ್ತಿಕೊಂಡದ್ದೂ ಪ್ರಾಣಿಯ ನೋವು ತಗ್ಗಿಸಬೇಕೆಂಬ ಕಾರಣಕ್ಕೆ. ಹೊಲದ ಮುಳ್ಳಿಗೆ ಪಂಕ್ಚರ್ ಆಗುತ್ತದೆ ಎಂಬುದೊಂದೇ ಹಳೆಯ ಹಳಿಯ ಪರ ಇರುವ ಗಟ್ಟಿ ವಾದ.

ಮೈ, ಮೂಕಿ, ತೂಕ

ಗಾಲಿಯಾದ ಮೇಲೆ ಅಚ್ಚು. ಬಾಗಿದ್ದರೆ ಕಾಯಿಸಿ ನೆಟ್ಟಗೆ ಮಾಡಬಹುದು, ಸೀಳಿದ್ದರೆ ಬದಲಿಸಲೇಬೇಕು. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಸಿಕ್ಕಿಸುವ ಕಡಾಣಿ ಬೆರಳುದ್ದದ ಕಬ್ಬಿಣ, ಅದಿಲ್ಲದೆ ಬಂಡಿ ಹತ್ತು ಮಾರು ಹೋಗದು. ಕೀಲೆಣ್ಣೆಗೆ ಔಡಲ ಎಣ್ಣೆಯಲ್ಲಿ ಹುಲ್ಲು ಸುಟ್ಟ ಕರಿ ಕಲಸುವುದು ಹಳೆಯ ಪದ್ಧತಿ, ಈಗ ಡಬ್ಬದ ಗ್ರೀಸು.

ಬಂಡಿಯ ಉದ್ದದ ಎರಡು ಮರಗಳು ಮುಂದೆ ಕೂಡುವಲ್ಲಿ ಮೂಕಿ, ಮೂಕಿಗೆ ನೊಗ. ಎರಡೇ ಗಾಲಿಯ ವಾಹನವಾದ್ದರಿಂದ ತೂಕದ ಹೊಂದಾಣಿಕೆಯೇ ಇಲ್ಲಿ ಪ್ರಾಣ. ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ನೊಗದ ಕೊರಳಪಟ್ಟಿಯಾದ ಜತ್ತಿಗೆ ಎತ್ತಿನ ಕೊರಳನ್ನು ಬಿಗಿಯುತ್ತದೆ. ಅಮೆರಿಕದ ಟ್ರೇಲರ್ ತಯಾರಕರು ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಭಾರ ಕೊಂಡಿಯ ಮೇಲೆ ಬೀಳಬೇಕೆನ್ನುತ್ತಾರೆ, ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲದಂತೆ ತೂಗಾಡುತ್ತದೆ. ಚಕ್ಕಡಿಯವನಿಗೆ ಶೇಕಡಾ ಬೇಕಿಲ್ಲ. ಹೇರು ತುಂಬಿದ ಮೇಲೆ ನೊಗವನ್ನು ಒಂದು ಕೈಯಲ್ಲಿ ಎತ್ತಿ ನೋಡುತ್ತಾನೆ, ಭಾರವೆನಿಸಿದರೆ ಜೋಳದ ಚೀಲವನ್ನೋ ಅಜ್ಜಿಯನ್ನೋ ತುಸು ಹಿಂದಕ್ಕೆ ಸರಿಸುತ್ತಾನೆ.

ಮೈಯ ಹಲಗೆಗಳಲ್ಲಿ ಗೆದ್ದಲು ಹಿಡಿದದ್ದನ್ನು ಚಾಕುವಿನ ಮೊನೆಯಿಂದ ಚುಚ್ಚಿ ಹುಡುಕಬೇಕು. ಮೊನೆ ಸಲೀಸಾಗಿ ಇಳಿದಲ್ಲಿ ಮರ ಸತ್ತಿದೆ. ಅದನ್ನು ಗಟ್ಟಿ ಮರದವರೆಗೂ ಕೆತ್ತಿ ತೆಗೆದು ಹೊಸ ತುಂಡು ಸೇರಿಸಬೇಕೇ ಹೊರತು ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿಯುವುದು ಕೊಂಡವನಿಗೆ ಮಾಡುವ ಮೋಸ. ಮರ ಕುಡಿಯುವಷ್ಟು ಅಗಸಿ ಎಣ್ಣೆ ಹಚ್ಚಿ ಬಿಸಿಲಿಗಿಟ್ಟರೆ ಅದು ಗಾಳಿಯೊಡನೆ ಕೂಡಿ ಗಟ್ಟಿ ಪದರವಾಗುತ್ತದೆ. ಇದರಲ್ಲಿ ಒಂದು ಅಪಾಯವಿದೆ. ಎಣ್ಣೆ ಒರೆಸಿದ ಅರಿವೆಗಳನ್ನು ಮುದ್ದೆ ಮಾಡಿ ಒಟ್ಟಿದರೆ ಒಳಗೇ ಕಾವು ಏರಿ ತಾನಾಗಿ ಬೆಂಕಿ ಹತ್ತಬಲ್ಲದು. ಅವನ್ನು ಹರವಿ ಒಣಗಿಸಬೇಕು ಇಲ್ಲವೇ ನೀರಲ್ಲಿ ಅದ್ದಿಡಬೇಕು. ಕಣಕಿಯ ಬಣವೆ ಪಕ್ಕದಲ್ಲೇ ಇರುವ ಹಿತ್ತಲಲ್ಲಿ ಇದು ಸಣ್ಣ ಮಾತಲ್ಲ.

ಕೊಲ್ಲಾರಿ

ಬಿದಿರಿನ ದಬ್ಬೆಗಳನ್ನು ನೀರಲ್ಲಿ ನೆನೆಸಿ, ಬಾಗಿಸಿ, ಎರಡೂ ಬದಿಯ ಹಲಗೆಗೆ ಸಿಕ್ಕಿಸಿದರೆ ಕಮಾನು. ಅಡ್ಡ ದಬ್ಬೆ ಬಿಗಿದು, ಮೇಲೆ ಚಾಪೆ ಹೊದಿಸಿ, ಅದರ ಮೇಲೆ ತಾಡಪತ್ರಿ ಎಳೆದು ಕಟ್ಟುತ್ತಾರೆ. ಹಳೆಯ ಟ್ರೇಲರಿಗೂ ಕೊಲ್ಲಾರಿಗೂ ಶತ್ರು ಒಂದೇ, ಸಂದಿಯಿಂದ ಇಳಿಯುವ ನೀರು. ಅಲ್ಲಿ ಅಲ್ಯೂಮಿನಿಯಂ ತಗಡಿನ ಜೋಡಣೆ ಬಿಟ್ಟುಕೊಂಡು ಒಳಗಿನ ಮರದ ಚೌಕಟ್ಟು ಹೊರಗೆ ಕಾಣದಂತೆ ಕೊಳೆಯುತ್ತದೆ. ಕೊಲ್ಲಾರಿಯಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಬಿಚ್ಚಲೂ ಬರುತ್ತದೆ. ದುರಸ್ತಿಯ ಮಟ್ಟಿಗೆ ನಮ್ಮ ಬಂಡಿ ಹೆಚ್ಚು ಪ್ರಾಮಾಣಿಕ.

ಒಳಗೆ ನೆಲಕ್ಕೆ ಕಣಕಿಯ ಸೋಗೆ ಇಲ್ಲವೇ ಹುಲ್ಲಿನ ದಪ್ಪ ಹಾಸು, ಮೇಲೆ ಜಮಖಾನೆ, ಅದರ ಮೇಲೆ ಕೌದಿ. ಸ್ಪ್ರಿಂಗ್ ಇಲ್ಲದ ಬಂಡಿಯಲ್ಲಿ ಬೆನ್ನು ಉಳಿಸುವುದು ಈ ಹಾಸೇ. ಹಳೆ ಸೀರೆಗಳನ್ನು ಹೊಲಿದು ಮಾಡಿದ ಕೌದಿ ಮಲಗುವಾಗ ಹಾಸಿಗೆ, ಮಧ್ಯಾಹ್ನ ಹಿಂದಿನ ಬಾಯಿಗೆ ಇಳಿಬಿಟ್ಟರೆ ಪರದೆ. ಕಟಕರೊಟ್ಟಿ, ಶೇಂಗಾ ಚಟ್ನಿ, ಮಾದಲಿಯ ಗಂಟು ಮುಂದಿನ ಮೂಲೆಯಲ್ಲಿ. ಬಂಡಿಯ ಹೊಟ್ಟೆಯ ಕೆಳಗೆ ಹಗ್ಗದ ಜಾಳಿಗೆ ಕಟ್ಟಿ ಎತ್ತಿನ ಮೇವು ತುಂಬುತ್ತಾರೆ. ಅಲ್ಲೇ ಅಚ್ಚಿಗೆ ತೂಗಿದ ಕಂದೀಲು ಕತ್ತಲಲ್ಲಿ ಹಿಂದಿನ ಬಂಡಿಯವನಿಗೆ ಗುರುತು. ಡಾಂಬರು ರಸ್ತೆಯಲ್ಲಿ ಈಗ ಅದು ಸಾಲದು, ಹಿಂಬದಿಗೆ ಕೆಂಪು ಪ್ರತಿಫಲಕ ಹೊಡೆಯುವುದು ಎಲ್ಲ ಬಣ್ಣಕ್ಕಿಂತ ಮೊದಲು ಆಗಬೇಕಾದ ಕೆಲಸ.

ಹೊರನಾಡಿನ ಬಳಗ

ಮಲಗುವ ಬಂಡಿಯನ್ನು ಸುಖಕ್ಕೆಂದು ಕಟ್ಟಿಸಿದವರಲ್ಲಿ ಹೆಸರಾದವನು ಗಾರ್ಡನ್ ಸ್ಟೇಬಲ್ಸ್. ನೌಕಾಪಡೆಯ ವೈದ್ಯನಾಗಿದ್ದ ಆತ 1885ರಲ್ಲಿ ಬ್ರಿಸ್ಟಲ್ಲಿನ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಎಂಬ ಕುದುರೆ ಬಂಡಿ ಮಾಡಿಸಿ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿಗೆ ಹೋದ. ಬ್ರಿಟನ್ನಿನ ರೋಮಾ ಜನ ಅಷ್ಟರಲ್ಲಾಗಲೇ ಇಂಥ ಬಂಡಿಗಳಲ್ಲೇ ಸಂಸಾರ ಮಾಡುತ್ತಿದ್ದರು. ಕಾರು ಎಳೆಯುವ ಕ್ಯಾರವಾನನ್ನು ಬರ್ಮಿಂಗ್‌ಹ್ಯಾಮಿನ ಎಕ್ಲ್ಸ್ ಕಂಪನಿ 1919ರಿಂದ ಮಾರಾಟಕ್ಕೆ ಮಾಡತೊಡಗಿತು.

ನಿಯಮ ಮತ್ತು ಜೋಪಾನ

1965ರ ಕೇಂದ್ರ ನಿಯಮಗಳಂತೆ ಎಳೆಯುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು, ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ನೊಗ ಕಟ್ಟುವಂತಿಲ್ಲ. ಜಾತ್ರೆಯ ಬಂಡಿಗಳು ನಿಯಮ ಬರುವುದಕ್ಕೂ ಮುಂಚಿನಿಂದ ಮಧ್ಯಾಹ್ನ ಮರದಡಿ ನಿಲ್ಲುತ್ತಿದ್ದವು. ಬಂಡಿ ಓಟದ ಶರ್ಯತ್ತು ಬೇರೆ ವಿಷಯ. ಅದಕ್ಕೆ 2014ರಲ್ಲಿ ಸುಪ್ರೀಂ ಕೋರ್ಟಿನ ತಡೆ ಬಿತ್ತು, 2023ರ ಮೇ ತೀರ್ಪಿನಲ್ಲಿ ರಾಜ್ಯಗಳ ತಿದ್ದುಪಡಿ ಕಾಯ್ದೆಗಳು ಊರ್ಜಿತವಾದವು. ಕಿಲಾರಿ ಹೋರಿಗಳನ್ನು ಸಾಕುವವರ ಹುರುಪು ಈ ತೀರ್ಪುಗಳ ಜೊತೆಗೇ ಏರಿಳಿದಿದೆ.

ಜಾತ್ರೆಯಿಂದ ಬಂದ ಬಂಡಿಯ ಕೊಲ್ಲಾರಿಯನ್ನು ಬಿಚ್ಚಿ, ದಬ್ಬೆಗಳನ್ನು ಕಟ್ಟಿ ಅಟ್ಟಕ್ಕೇರಿಸುತ್ತಾರೆ. ಮಿರಗದ ಮಳೆಗೆ ಮುಂಚೆ ಗಾಲಿಗಳ ಕೆಳಗೆ ಚಪ್ಪಡಿ ಕಲ್ಲು ಸರಿಸಬೇಕು, ಹಸಿ ಮಣ್ಣಿಗೆ ತಾಗಿದ ಜಾಲಿ ಒಂದೇ ಮಳೆಗಾಲದಲ್ಲಿ ಮೆತ್ತಗಾಗುತ್ತದೆ. ತಿಂಗಳಿಗೊಮ್ಮೆ ಗಾಲಿಯನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿಸಿದರೆ ಭಾರ ಒಂದೇ ಅರೆಕಾಲಿನ ಮೇಲೆ ಕೂರುವುದಿಲ್ಲ. ಮೂಕಿಗೆ ಊರೆಗೋಲು ಕೊಟ್ಟು ನೊಗವನ್ನು ಕಳಚಿ ಒಳಗಿಡುತ್ತಾರೆ, ಕಡಾಣಿಗಳೆರಡು ದೇವರ ಗೂಡಿನ ಪಕ್ಕದ ಮೊಳೆಗೆ.