ಕೂಸಿನ ತಲೆಯ ಊತ: ಝಹ್ರಾವಿಯವರ ಒಂದು ಅಧ್ಯಾಯ

ಎಳೆಗೂಸಿನ ತಲೆಯಲ್ಲಿ ಕಾಣುವ ಮೆತ್ತನೆಯ ಊತವು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಮ್ಮ ಮನೆಗಳಿಗೆ ಅಪರಿಚಿತವಲ್ಲ. ಅದಕ್ಕೆ ಎಣ್ಣೆ ಹಚ್ಚಿ ಒತ್ತುವ, ಬಿಸಿಬಟ್ಟೆಯ ಶಾಖ ಕೊಡುವ ರೂಢಿಯನ್ನೂ ನಾವು ಬಲ್ಲೆವು. ಇದೇ ವಿಷಯದ ಬಗ್ಗೆ ಸಾವಿರ ವರ್ಷಗಳ ಹಿಂದೆಯೇ ಅರಬಿಯಲ್ಲಿ ಒಂದು ಅಧ್ಯಾಯ ರಚಿತವಾಗಿತ್ತು.

ಅದನ್ನು ಬರೆದವರು ಅಂದಲೂಸಿನ ಕುರ್ತುಬಾದ ಸಮೀಪ ಜನಿಸಿದ ಅಬುಲ್ ಕಾಸಿಮ್ ಅಲ್ ಝಹ್ರಾವಿ. ಅವರ 'ಅತ್ತಸ್ರೀಫ್' ಗ್ರಂಥದ 30 ಭಾಗಗಳಲ್ಲಿ ಕಡೆಯದು ಶಸ್ತ್ರಚಿಕಿತ್ಸೆಗೆ ಮೀಸಲು. ಮಕ್ಕಳ ತಲೆಯಲ್ಲಿ ನೀರು ತುಂಬಲು ಸೂಲಗಿತ್ತಿಯು ಹೆರಿಗೆಯಲ್ಲಿ ತಲೆಯನ್ನು ಬಲವಾಗಿ ಒತ್ತುವುದು ಕಾರಣವಾಗಬಹುದು, ಅಥವಾ ತಿಳಿಯದ ಗುಪ್ತ ಕಾರಣವಿರಬಹುದು ಎಂದು ಅವರು ಹೇಳುತ್ತಾರೆ. ನೀರು ಚರ್ಮಕ್ಕೂ ಮೂಳೆಗೂ ನಡುವೆ ನಿಂತಿದೆಯೋ, ಮೂಳೆಯ ಒಳಗಿದೆಯೋ ಎಂದು ವಿಂಗಡಿಸುತ್ತಾರೆ. ತಲೆ ದಿನದಿನಕ್ಕೆ ಹಿಗ್ಗಿ, ಕುಳಿತುಕೊಳ್ಳಲೂ ಆಗದೆ ತೀರಿಕೊಂಡ ಒಬ್ಬ ಬಾಲಕನನ್ನು ನೆನೆದು, ಇಂಥವರಿಗೆ ಶಸ್ತ್ರ ಮುಟ್ಟಿಸದಿರುವುದೇ ತಮಗೆ ಮೇಲೆನಿಸಿತೆಂದು ಬರೆಯುತ್ತಾರೆ. ತಮ್ಮ ವಿದ್ಯೆಯ ಎಲ್ಲೆಯನ್ನು ಇಷ್ಟು ನೇರವಾಗಿ ಒಪ್ಪಿಕೊಂಡ ವೈದ್ಯರು ಅಪರೂಪ.

ಚರ್ಮದಡಿಯ ನೀರನ್ನು ಕೊಯ್ದು ಹೊರಬಿಡುವ ಕ್ರಮವನ್ನೂ ಅವರು ವಿವರಿಸಿದ್ದಾರೆ. ಇದನ್ನು ಇಂದಿನ ವೈದ್ಯರು ಅನುಸರಿಸುವುದಿಲ್ಲ. ಸೂಜಿ ಚುಚ್ಚಿದರೆ ಸೋಂಕು ಒಳಹೊಕ್ಕೀತು. ಹುಟ್ಟುವಾಗಲೇ ಇರುವ ನೀರೂತ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಮೂಳೆಯ ಪೊರೆಯಡಿ ರಕ್ತ ನಿಂತ ಊತವು ಕೆಲವು ಗಂಟೆಗಳ ನಂತರ ಕಾಣಿಸಿ, ಕರಗಲು ವಾರಗಳನ್ನೇ ತೆಗೆದುಕೊಳ್ಳುತ್ತದೆ. ಅದರೊಡನೆ ಕಾಮಾಲೆಯೂ ಬರಬಹುದು. ಹುಟ್ಟಿ ಕೆಲವು ವಾರಗಳಾದ ಮೇಲೆ ತಲೆದೋರುವ ನೀರಿನಂಥ ಊತವೂ ಉಂಟು. ಅದೂ ಸಾಮಾನ್ಯವಾಗಿ ತಾನಾಗಿಯೇ ಮಾಯುತ್ತದೆ.

ಭಯಪಡಬೇಕಾದದ್ದು ಕಿವಿ, ಕುತ್ತಿಗೆಗಳವರೆಗೆ ಹರಡುತ್ತ ಹೋಗುವ ಊತಕ್ಕೆ. 3 ಕಿಲೋ ತೂಕದ ಕೂಸಿನ ಮೈಯಲ್ಲಿರುವ ರಕ್ತವೇ ಸುಮಾರು 250 ಮಿಲಿಲೀಟರ್; ಅದರ ಬಹುಭಾಗ ನೆತ್ತಿಯ ಚರ್ಮದಡಿಗೇ ಸೋರಿಹೋಗಬಹುದು. ಮಗು ಬಿಳುಚಿಕೊಂಡರೆ, ಹಾಲು ಬಿಟ್ಟರೆ ಒಂದು ಗಂಟೆಯನ್ನೂ ಕಳೆಯಬಾರದು.

ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ತೆರೆದದ್ದು 1935ರಲ್ಲಿ. ಅದಕ್ಕೆ ಮುನ್ನ ನಮ್ಮ ಸೀಮೆಯಲ್ಲಿ ಹೆರಿಗೆಯೆಂದರೆ ಬಹುಮಟ್ಟಿಗೆ ದಾಯಿಯ ಕೈಯೇ ಆಗಿತ್ತು. ಅವರಲ್ಲಿ ನುರಿತವರಿದ್ದರು, ಆದರೆ ತಲೆಯನ್ನು ಒತ್ತಿ ಗುಂಡಾಗಿಸುವ ಹವ್ಯಾಸ ಇಂದಿಗೂ ಪೂರ್ತಿ ಅಳಿದಿಲ್ಲ. ಏಳನೆಯ ದಿನ ಅಕೀಕಾದಲ್ಲಿ ತಲೆ ಬೋಳಿಸುವಾಗ ಊತವು ಕಂಡರೆ, ಕತ್ತಿ ತಾಗಿಸುವ ಮುಂಚೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಏಳಕ್ಕೆ ಆಗದಿದ್ದರೆ ಹದಿನಾಲ್ಕಕ್ಕೆ, ಇಲ್ಲವೇ ಇಪ್ಪತ್ತೊಂದಕ್ಕೆ ಅಕೀಕಾ ನೆರವೇರಿಸಲು ಹಲವು ವಿದ್ವಾಂಸರು ಅವಕಾಶವಿತ್ತಿದ್ದಾರೆ.